ಮೈಗೆ ಹತ್ತಿದ ಬೂಷ್ಟು, ಮದ್ದಿನ ಹೊಸ ಹಾದಿಗಳು

2021ರ ಮೇ, ಜೂನ್ ತಿಂಗಳಲ್ಲಿ ಕರ್ನಾಟಕದ ಮನೆಮನೆಯಲ್ಲೂ ಒಂದು ಔಷಧದ ಹೆಸರು ಓಡಾಡಿತು: ಆಂಫೋಟೆರಿಸಿನ್ ಬಿ. ಕೋವಿಡ್‌ನಿಂದ ಚೇತರಿಸಿಕೊಂಡವರ ಮೂಗಿಗೆ, ಕಣ್ಣಿಗೆ, ದವಡೆಗೆ ಕಪ್ಪು ಶಿಲೀಂಧ್ರ ಹತ್ತುತ್ತಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಆ ರೋಗಿಗಳಿಗೆಂದೇ ವ್ಯವಸ್ಥೆಯಾಯಿತು. ರಾಜ್ಯಕ್ಕೆ ಇಂದು ಎಷ್ಟು ವಯಲ್ ಬಂತು, ಯಾವ ಜಿಲ್ಲೆಗೆ ಎಷ್ಟು ಸಿಕ್ಕಿತು ಎನ್ನುವುದು ದಿನದ ಸುದ್ದಿಯಾಯಿತು. ಜುಲೈ ನಡುವಿನ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿ, 4,300ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದಾರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಹೀಗೆ ಊರೆಲ್ಲ ಹುಡುಕಾಡಿದ ಆ ಔಷಧ 1950ರ ದಶಕದ್ದು ಎಂಬುದು ಮಾತ್ರ ಹೆಚ್ಚು ಚರ್ಚೆಗೆ ಬರಲಿಲ್ಲ. ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ತೆಗೆದ ಮದ್ದು ಅದು. ಅಷ್ಟು ಹಳೆಯದನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಇದ್ದದ್ದು ಪೊಸಕೊನಜೋಲ್, ಇಸವುಕೊನಜೋಲ್ ಎಂಬ ಎರಡು ಬದಲಿಗಳಷ್ಟೇ. ಕಪ್ಪು ಶಿಲೀಂಧ್ರಕ್ಕೆ ಇಸವುಕೊನಜೋಲ್ ಆಗಬಹುದೆಂದು ಅಮೆರಿಕ ಒಪ್ಪಿಗೆ ಕೊಡುವಾಗ ಆಧಾರವಾಗಿದ್ದುದು ಕೇವಲ 37 ರೋಗಿಗಳ ಅಧ್ಯಯನ.

ಬ್ಯಾಕ್ಟೀರಿಯಾಕ್ಕೆ ಇಷ್ಟೊಂದು ಬಗೆಯ ಮದ್ದುಗಳಿರುವಾಗ ಬೂಷ್ಟಿಗೇಕೆ ಇಷ್ಟು ಬರ? ಕಾರಣ ನಮ್ಮ ಮೈಯಲ್ಲೇ ಇದೆ. ಜೀವವಿಕಾಸದ ವಂಶವೃಕ್ಷದಲ್ಲಿ ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ದಾಯಾದಿಗಳು. ಅವುಗಳ ಜೀವಕೋಶದ ಒಳವ್ಯವಸ್ಥೆ ಬಹುಮಟ್ಟಿಗೆ ನಮ್ಮದರಂತೆಯೇ ಇರುವುದರಿಂದ, ಅವನ್ನು ಕೊಲ್ಲುವ ವಿಷ ನಮ್ಮನ್ನೂ ಬಾಧಿಸುತ್ತದೆ. ಹೊಡೆಯಲು ಸಿಗುವ ವ್ಯತ್ಯಾಸಗಳು ಬೆರಳೆಣಿಕೆಯವು. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್ ಇರುವ ಜಾಗದಲ್ಲಿ ಅವಕ್ಕೆ ಎರ್ಗೊಸ್ಟೆರಾಲ್ ಇದೆ. ಅವಕ್ಕೆ ಗ್ಲೂಕಾನ್ ಮತ್ತು ಕೈಟಿನ್‌ನಿಂದಾದ ಗಟ್ಟಿ ಕೋಶಭಿತ್ತಿ ಇದೆ, ನಮಗಿಲ್ಲ. ಮೈಯೊಳಗಿನ ಗಂಭೀರ ಸೋಂಕಿಗೆ ಈವರೆಗೆ ಬಂದಿರುವ ಮದ್ದುಗಳಲ್ಲಿ ಹೆಚ್ಚಿನವು ಈ ಒಂದೆರಡು ಗುರಿಗಳನ್ನೇ ಹಿಡಿದಿವೆ. ಆಂಫೋಟೆರಿಸಿನ್ ಜಾತಿಯ ಪಾಲಿಯೀನ್‌ಗಳು ಎರ್ಗೊಸ್ಟೆರಾಲನ್ನೇ ಹಿಡಿಯುತ್ತವೆ. ಫ್ಲುಕೊನಜೋಲ್ ಮೊದಲಾದ ಅಜೋಲ್‌ಗಳು ಅದರ ತಯಾರಿಕೆಯನ್ನು ತಡೆಯುತ್ತವೆ. 2001ರಲ್ಲಿ ಕ್ಯಾಸ್ಪೊಫಂಜಿನ್‌ನೊಂದಿಗೆ ಬಂದ ಎಕಿನೊಕ್ಯಾಂಡಿನ್‌ಗಳು ಗ್ಲೂಕಾನ್ ಹೆಣೆಯುವ ಕಿಣ್ವವನ್ನು ನಿಲ್ಲಿಸುತ್ತವೆ. ಇವುಗಳ ಜೊತೆಗೆ 1957ರಲ್ಲಿ ಕ್ಯಾನ್ಸರಿಗೆಂದು ತಯಾರಾಗಿ, ಅಲ್ಲಿ ಕೆಲಸಕ್ಕೆ ಬಾರದೆ ಇಲ್ಲಿಗೆ ಬಂದ ಫ್ಲುಸೈಟೊಸಿನ್ ಒಂದು.

ಮೊದಲ ಮದ್ದುಗಳಲ್ಲಿ ಹಲವು ಮಣ್ಣಿನಿಂದ ಬಂದವು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬಿಬ್ಬರು ವಿಜ್ಞಾನಿಗಳು 1950ರಲ್ಲಿ ನಿಸ್ಟಾಟಿನ್ ಪ್ರಕಟಿಸಿದರು. ಅದರ ರಾಯಧನವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ನಮ್ಮಲ್ಲೂ ಈ ಕೆಲಸ ನಡೆದಿತ್ತು. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಮಂಡ್ಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಮತ್ತು ಸಂಗಡಿಗರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಜೀವಿಯಿಂದ ಹ್ಯಾಮೈಸಿನ್ ತೆಗೆದರು. ಸರ್ಕಾರಿ ಕಾರ್ಖಾನೆಯೊಂದು ಶಿಲೀಂಧ್ರಕ್ಕೆ ಸ್ವಂತ ಮದ್ದು ಹುಡುಕುತ್ತಿದ್ದ ಕಾಲ ಅದು. ಆ ಉತ್ಸಾಹ ಮುಂದುವರಿಯಲಿಲ್ಲ ಎನ್ನುವುದು ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ನಷ್ಟ.

ಇನ್ನು ಹೊಸತರ ಮಾತು. ಕಳೆದ ಒಂದೂವರೆ ದಶಕದ ಪ್ರಯತ್ನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಎದ್ದು ಕಾಣುವುದು ಒಂದೇ. ಹೊಸ ಅಣುಗಳ ಸುದ್ದಿ ದೊಡ್ಡದು; ಆದರೆ ಬಡವರ ವಾರ್ಡಿನಲ್ಲಿ ಈವರೆಗೆ ಜೀವ ಉಳಿಸಿರುವುದು ಹಳೆಯ ಅಣುಗಳನ್ನು ಕೊಡುವ ಹೊಸ ಕ್ರಮ. ಇದಕ್ಕೆ ಒಳ್ಳೆಯ ಸಾಕ್ಷಿ ಆಂಫೋಟೆರಿಸಿನ್ನೇ.

ಹಳೆಯ ರೂಪದ ಆಂಫೋಟೆರಿಸಿನ್ ಡ್ರಿಪ್ ಹಾಕಿದರೆ ರೋಗಿ ಚಳಿಜ್ವರ ಬಂದವರ ಹಾಗೆ ನಡುಗುತ್ತಾನೆ, ರಕ್ತದ ಪೊಟ್ಯಾಶಿಯಂ ಇಳಿಯುತ್ತದೆ, ದಿನ ಕಳೆದಂತೆ ಮೂತ್ರಪಿಂಡ ಸೋಲುತ್ತದೆ. ಇಂಗ್ಲಿಷ್ ಬಲ್ಲ ವೈದ್ಯರು ಅದಕ್ಕೆ ಆಂಫೋ-ಟೆರಿಬಲ್ ಎಂದು ಅಡ್ಡಹೆಸರಿಟ್ಟಿದ್ದರು. ಅದೇ ಮದ್ದನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳೊಳಗೆ ಕೂರಿಸಿದಾಗ ಸಿಕ್ಕಿದ್ದು ಲೈಪೊಸೋಮಲ್ ಆಂಫೋಟೆರಿಸಿನ್. 2021ರಲ್ಲಿ ನಾವು ಪರದಾಡಿದ್ದು ಮುಖ್ಯವಾಗಿ ಇದಕ್ಕೇ. ಮೂತ್ರಪಿಂಡಕ್ಕೆ ಇದು ಸೌಮ್ಯ, ಆದ್ದರಿಂದ ಒಂದೇ ಸಲಕ್ಕೆ ಹೆಚ್ಚು ಕೊಡಬಹುದು; ಅಂಗಾಂಶದಲ್ಲಿ, ಮಿದುಳಿನಲ್ಲಿ ಕೂಡ, ಬಹಳ ದಿನ ಉಳಿಯುತ್ತದೆ. ಹಾಗಿದ್ದರೆ ದಿನವೂ ಚುಚ್ಚುವುದೇಕೆ, ಒಂದೇ ದೊಡ್ಡ ಪ್ರಮಾಣ ಕೊಟ್ಟರೆ ಸಾಲದೇ ಎಂದು ಕೆಲವರು ಕೇಳಿಕೊಂಡರು.

ಈ ಪ್ರಶ್ನೆಗೆ ಉತ್ತರ ಬಂದದ್ದು ಆಫ್ರಿಕಾದಿಂದ. ಎಚ್‌ಐವಿ ಮುಂದುವರಿದವರಲ್ಲಿ ಕ್ರಿಪ್ಟೊಕಾಕಸ್ ಎಂಬ ಯೀಸ್ಟ್ ಮಿದುಳಿನ ಪೊರೆಗೆ ಇಳಿಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು ಬಹುತೇಕ ಖಚಿತ. ಅಲ್ಲಿಯವರೆಗಿನ ಕ್ರಮದಲ್ಲಿ ಹಳೆಯ ಆಂಫೋಟೆರಿಸಿನ್ನನ್ನು ವಾರಪೂರ್ತಿ ಡ್ರಿಪ್ ಮೂಲಕ ಕೊಡಬೇಕಿತ್ತು. ಅದಕ್ಕೆ ದಿನದಿನದ ರಕ್ತಪರೀಕ್ಷೆ ಬೇಕು, ಹಾಸಿಗೆ ಬೇಕು, ದಾದಿಯರು ಬೇಕು. ಬೋಟ್ಸ್ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ ಆ್ಯಂಬಿಷನ್ ಎಂಬ ಹೆಸರಿನಲ್ಲಿ ನಡೆದ ಪ್ರಯೋಗದಲ್ಲಿ ಮೊದಲ ದಿನ ಮಾತ್ರ ದೇಹತೂಕದ ಕಿಲೋಗೆ 10 ಮಿಲಿಗ್ರಾಂ ಲೈಪೊಸೋಮಲ್ ಆಂಫೋಟೆರಿಸಿನ್ ಕೊಟ್ಟು, ಆಮೇಲೆ ಎರಡು ವಾರ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆ ನುಂಗಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹತ್ತು ವಾರಗಳಲ್ಲಿ ಸತ್ತವರು ಹೊಸ ಕ್ರಮದಲ್ಲಿ ಶೇ. 24.8, ಹಳೆಯದರಲ್ಲಿ ಶೇ. 28.7. ಅಡ್ಡಪರಿಣಾಮ ಗಮನಾರ್ಹವಾಗಿ ಕಡಿಮೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ಇಲ್ಲಿ ಹೊಸ ಅಣು ಒಂದೂ ಇಲ್ಲ. ಮೂರೂ ಇಪ್ಪತ್ತನೆಯ ಶತಮಾನದವು. ಆದರೂ ಶೇ. 25ರಷ್ಟು ಸಾವು ಎನ್ನುವುದು ಬೀಗುವ ಸಂಗತಿಯಲ್ಲ. ರೋಗಿ ತಡವಾಗಿ ಬರುವ ತನಕ ಅದು ಇನ್ನೂ ಇಳಿಯುವುದು ಕಷ್ಟ. ರಕ್ತದ ಹನಿಯಲ್ಲೇ ಕ್ರಿಪ್ಟೊಕಾಕಸ್ ಗುರುತಿಸುವ ಪಟ್ಟಿಪರೀಕ್ಷೆ ಈಗ ಇದೆ, ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ತಲೆನೋವು ಶುರುವಾಗುವ ಮೊದಲೇ ಎಚ್‌ಐವಿ ಕೇಂದ್ರದಲ್ಲಿ ಅದನ್ನು ಮಾಡಿದರೆ ಫ್ಲುಕೊನಜೋಲ್ ಮಾತ್ರೆಯಲ್ಲೇ ಹಲವರನ್ನು ಕಾಪಾಡಬಹುದು. ಇನ್ನೊಂದು ಕಡೆ, 1957ರ ಫ್ಲುಸೈಟೊಸಿನ್ ತೀರಾ ಈಚಿನವರೆಗೂ ಆಫ್ರಿಕಾದ ಬಹುಪಾಲು ದೇಶಗಳಲ್ಲಿ ನೋಂದಣಿಯೇ ಆಗಿರಲಿಲ್ಲ. ರೋಗ ಅತಿ ಹೆಚ್ಚು ಇದ್ದಲ್ಲೇ ಮದ್ದು ಇರಲಿಲ್ಲ.

ಆಂಫೋಟೆರಿಸಿನ್‌ನ ವಿಷವನ್ನು ಅಣುವಿನ ಮಟ್ಟದಲ್ಲೇ ತೆಗೆದುಹಾಕುವ ಯತ್ನವೂ ನಡೆದಿದೆ. ಈ ಮದ್ದು ಶಿಲೀಂಧ್ರದ ಪೊರೆಯಲ್ಲಿ ತೂತು ಕೊರೆಯುತ್ತದೆ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಟಿನ್ ಬರ್ಕ್ ತಂಡ 2014ರಲ್ಲಿ ಬೇರೆಯದೇ ಹೇಳಿತು: ಅಣುಗಳು ಒಟ್ಟುಗೂಡಿ ಪೊರೆಯ ಹೊರಗೆ ಕುಳಿತು ಎರ್ಗೊಸ್ಟೆರಾಲನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತವೆ. ಮೂತ್ರಪಿಂಡದ ಕೋಶಗಳಿಂದ ಕೊಲೆಸ್ಟರಾಲ್ ಹೀರುವುದೇ ವಿಷದ ಮೂಲ. ಹಾಗಾದರೆ ಕೊಲೆಸ್ಟರಾಲನ್ನು ಮುಟ್ಟದೆ ಎರ್ಗೊಸ್ಟೆರಾಲನ್ನು ಮಾತ್ರ ಬೇಗ ಹೀರುವಂತೆ ಅಣುವನ್ನು ತಿದ್ದಬಹುದು. 2023ರಲ್ಲಿ ಅವರು ಪ್ರಕಟಿಸಿದ ಎಎಂ-2-19 ಎಂಬ ಅಣು ಇಲಿಗಳಲ್ಲಿ ಮೂತ್ರಪಿಂಡವನ್ನು ಕೆಡಿಸದೆ ಶಿಲೀಂಧ್ರವನ್ನು ಕೊಂದಿತು. ಮದ್ದು ಹೇಗೆ ಕೆಲಸ ಮಾಡುತ್ತದೆಂದು ದಶಕಗಳ ಕಾಲ ತಪ್ಪಾಗಿ ತಿಳಿದಿದ್ದೆವು, ಸರಿಯಾಗಿ ತಿಳಿದ ಮೇಲೆ ತಿದ್ದುವ ದಾರಿ ಕಂಡಿತು. ಮೂಲವಿಜ್ಞಾನಕ್ಕೆ ಹಣ ಏಕೆ ಎಂದು ಕೇಳುವವರಿಗೆ ಈ ಉದಾಹರಣೆ ಕೊಡಬಹುದು.

ನಿಜವಾಗಿ ಹೊಸದಾಗಿ ಬಂದ ಮದ್ದುಗಳತ್ತ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಹತ್ತೊಂಬತ್ತರಲ್ಲಿ ನಾಲ್ಕು ಅತಿ ಗಂಭೀರ: ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್, ಆಸ್ಪರ್ಜಿಲಸ್ ಫ್ಯುಮಿಗೇಟಸ್, ಕ್ಯಾಂಡಿಡಾ ಆಲ್ಬಿಕನ್ಸ್, ಕ್ಯಾಂಡಿಡಾ ಆರಿಸ್. ಕೊನೆಯದು ಐಸಿಯುಗಳ ದುಃಸ್ವಪ್ನ. 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿಸಲಾದ ಈ ಯೀಸ್ಟ್ ಹಾಸಿಗೆಯ ಕಂಬಿ, ಬಿಪಿ ಪಟ್ಟಿಗಳ ಮೇಲೆ ವಾರಗಟ್ಟಲೆ ಬದುಕಿರುತ್ತದೆ. ಫ್ಲುಕೊನಜೋಲ್‌ಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಅನುರಾಧಾ ಚೌಧರಿ ಅವರ ತಂಡ 2021ರಲ್ಲಿ ಅಂಡಮಾನಿನ ಕಡಲತೀರದಲ್ಲಿ, ಉಪ್ಪುನೀರಿನ ಜೌಗಿನಲ್ಲಿ ಇದನ್ನು ಕಂಡಿತು. ಆಸ್ಪತ್ರೆಯ ಹೊರಗೆ, ನಿಸರ್ಗದಲ್ಲಿ ಇದು ಸಿಕ್ಕಿದ್ದು ಅದೇ ಮೊದಲು.

ಇಂಥ ಕ್ಯಾಂಡಿಡಾಗಳಿಗೆ ಎಕಿನೊಕ್ಯಾಂಡಿನ್ ಮೊದಲ ಆಯ್ಕೆ, ಆದರೆ ಅದನ್ನು ದಿನವೂ ರಕ್ತನಾಳಕ್ಕೆ ಕೊಡಬೇಕು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಜಾಫಂಜಿನ್ ವಾರಕ್ಕೊಮ್ಮೆ ಸಾಕು. ಐಬ್ರೆಕ್ಸಾಫಂಜರ್ಪ್ ಅದೇ ಕಿಣ್ವವನ್ನು ಇನ್ನೊಂದು ಮಗ್ಗುಲಿಂದ ಹಿಡಿಯುತ್ತದೆ, ಮಾತ್ರೆಯಾಗಿ ನುಂಗಬಹುದು. 2021ರಲ್ಲಿ ಹೆಂಗಸರ ಯೋನಿಯ ಯೀಸ್ಟ್ ಸೋಂಕಿಗೆ ಒಪ್ಪಿಗೆಯೂ ಸಿಕ್ಕಿತು. ಎರಡು ವರ್ಷದಲ್ಲಿ, ತಯಾರಿಕೆಯಲ್ಲಿ ಬೇರೆ ಔಷಧದ ಬೆರಕೆಯಾಗಿರಬಹುದೆಂಬ ಶಂಕೆಯಿಂದ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಒಟೆಸೆಕೊನಜೋಲ್‌ನ ಕಥೆ ಇನ್ನೂ ವಿಚಿತ್ರ. ಮತ್ತೆಮತ್ತೆ ಮರುಕಳಿಸುವ ಯೋನಿಸೋಂಕಿಗೆಂದು 2022ರಲ್ಲಿ ಬಂದ ಈ ಮದ್ದು ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಗರ್ಭಕ್ಕೆ ಅಪಾಯವಿರುವುದರಿಂದ ಮಕ್ಕಳಾಗುವ ಸಾಧ್ಯತೆ ಇರುವವರಿಗೆ ಕೊಡುವಂತಿಲ್ಲ. ಆ ಕಾಯಿಲೆಯಿಂದ ನರಳುವವರಲ್ಲಿ ಹೆಚ್ಚಿನವರು ಅದೇ ವಯಸ್ಸಿನವರು.

ಹೆಚ್ಚು ಕುತೂಹಲ ಹುಟ್ಟಿಸಿರುವವು ಹಳೆಯ ಗುರಿಗಳನ್ನೇ ಬಿಟ್ಟಿರುವ ಎರಡು ಅಣುಗಳು. ಫಾಸ್‌ಮ್ಯಾನೊಜೆಪಿಕ್ಸ್, ಶಿಲೀಂಧ್ರವು ತನ್ನ ಭಿತ್ತಿಗೆ ಪ್ರೋಟೀನುಗಳನ್ನು ಕಟ್ಟುವ ಕೊಂಡಿಯ ತಯಾರಿಕೆಯನ್ನು ನಿಲ್ಲಿಸುತ್ತದೆ. ಒಲೊರೊಫಿಮ್, ಡಿಎನ್‌ಎ ಕಟ್ಟಲು ಬೇಕಾದ ಪಿರಿಮಿಡಿನ್ ತಯಾರಿಕೆಯ ಒಂದು ಕಿಣ್ವವನ್ನು ತಡೆಯುತ್ತದೆ. ಬೇರೆ ಯಾವುದಕ್ಕೂ ಬಗ್ಗದ ಕೆಲವು ಅಚ್ಚುಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆ, ಕ್ಯಾಂಡಿಡಾದ ಮೇಲೆ, ಕಪ್ಪು ಶಿಲೀಂಧ್ರದ ಮೇಲೆ ಮಾಡುವುದಿಲ್ಲ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಇನ್ನಷ್ಟು ಮಾಹಿತಿ ಕೇಳಿ ಅದರ ಅರ್ಜಿ ಹಿಂದಿರುಗಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಹಿಂದಿನ ಹತ್ತು ವರ್ಷಗಳಲ್ಲಿ ಅಮೆರಿಕ, ಯುರೋಪ್, ಚೀನಾಗಳ ನಿಯಂತ್ರಕರು ಒಪ್ಪಿದ ಹೊಸ ಶಿಲೀಂಧ್ರನಾಶಕ ಔಷಧಗಳು ನಾಲ್ಕೇ. ಮನುಷ್ಯರ ಮೇಲಿನ ಪ್ರಯೋಗದಲ್ಲಿರುವವು ಒಂಬತ್ತು.

ಹೊಸತೆಲ್ಲ ಒಳ್ಳೆಯದಾಗುವುದಿಲ್ಲ ಎಂಬುದಕ್ಕೂ ಸಾಕಷ್ಟು ದಾಖಲೆ ಇದೆ. ಪ್ರಯೋಗಾಲಯದಲ್ಲಿ ಕ್ರಿಪ್ಟೊಕಾಕಸನ್ನು ಕೊಂದ ಖಿನ್ನತೆಯ ಮಾತ್ರೆ ಸೆರ್ಟ್ರಲಿನ್ ಉಗಾಂಡಾದ ರೋಗಿಗಳಲ್ಲಿ ಏನೂ ಪ್ರಯೋಜನ ಕೊಡಲಿಲ್ಲ. ಮಿದುಳಿನ ಊತ ಇಳಿಸಲೆಂದು ಡೆಕ್ಸಾಮೆಥಸೋನ್ ಸೇರಿಸಿದ ಪ್ರಯೋಗವನ್ನು ಹಾನಿ ಕಂಡು ನಡುವೆಯೇ ನಿಲ್ಲಿಸಬೇಕಾಯಿತು. ಕಪ್ಪು ಶಿಲೀಂಧ್ರಕ್ಕೆ ಕಬ್ಬಿಣ ಬೇಕು, ಆದ್ದರಿಂದ ಕಬ್ಬಿಣ ಕಸಿಯುವ ಡೆಫೆರಾಸಿರಾಕ್ಸ್ ಕೊಡೋಣ ಎಂಬ ತರ್ಕ ಇಲಿಗಳಲ್ಲಿ ಗೆದ್ದಿತು. ರೋಗಿಗಳಲ್ಲಿ ಅದನ್ನು ಪಡೆದವರೇ ಹೆಚ್ಚು ಸತ್ತರು. ರೋಗನಿರೋಧಕ ಶಕ್ತಿಯನ್ನೇ ಬಲಪಡಿಸುವ ದಾರಿಯಲ್ಲಿ ಇಂಟರ್‌ಫೆರಾನ್ ಗಾಮಾ ಸ್ವಲ್ಪ ಆಸೆ ಮೂಡಿಸಿದೆ. ಲಸಿಕೆ ಮಾತ್ರ ಮನುಷ್ಯರ ಯಾವ ಶಿಲೀಂಧ್ರ ರೋಗಕ್ಕೂ ಇನ್ನೂ ಬಳಕೆಗೆ ಬಂದಿಲ್ಲ.

ಐಸಿಯು, ಎಚ್‌ಐವಿ, ಕೋವಿಡ್ ಎಂದು ಇಷ್ಟು ಹೊತ್ತು ಮಾತಾಡಿದರೂ ನಮ್ಮ ನಾಡಿನಲ್ಲಿ ಶಿಲೀಂಧ್ರ ಅತಿ ಹೆಚ್ಚು ಜನರನ್ನು ಕಾಡುವುದು ತೊಡೆಸಂದಿಯಲ್ಲಿ, ಸೊಂಟದಲ್ಲಿ, ಬೆನ್ನಿನಲ್ಲಿ. ಹುಳುಕಡ್ಡಿ, ಗಜಕರ್ಣ ಎಂದು ಕರೆಯುವ ಈ ಚರ್ಮರೋಗ ಹಿಂದೆ ಎರಡು ಮೂರು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಈಗ ತಿಂಗಳುಗಟ್ಟಲೆ ಹೋಗುವುದಿಲ್ಲ, ಹೋದರೂ ಮತ್ತೆ ಬರುತ್ತದೆ, ಮನೆಮಂದಿಗೆಲ್ಲ ಹಬ್ಬುತ್ತದೆ. ಇದರ ಹಿಂದಿರುವುದು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು 2020ರಲ್ಲಿ ಹೆಸರು ಪಡೆದ ಪ್ರಭೇದ. ಟೆರ್ಬಿನಫಿನ್ ಎಂಬ ಮದ್ದು ಹಿಡಿಯಬೇಕಾದ ಕಿಣ್ವದಲ್ಲೇ ಇದರ ಹಲವು ತಳಿಗಳಿಗೆ ಬದಲಾವಣೆಯಾಗಿದೆ, ಮದ್ದು ಅಂಟುವುದಿಲ್ಲ. ವಾರಾಣಸಿಯಲ್ಲಿ 400 ರೋಗಿಗಳ ಮೇಲೆ ನಾಲ್ಕು ಮಾತ್ರೆಗಳನ್ನು ಹೋಲಿಸಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರಕ್ಕೆ ಗುಣವಾದವರು ಇಟ್ರಕೊನಜೋಲ್‌ನಲ್ಲಿ ಶೇ. 66, ಫ್ಲುಕೊನಜೋಲ್‌ನಲ್ಲಿ 42, ಟೆರ್ಬಿನಫಿನ್‌ನಲ್ಲಿ 28, ಗ್ರಿಸಿಯೊಫಲ್ವಿನ್‌ನಲ್ಲಿ 14. ಒಂದು ಕಾಲದಲ್ಲಿ ಟೆರ್ಬಿನಫಿನ್ ಎಂದರೆ ಹುಳುಕಡ್ಡಿಗೆ ರಾಮಬಾಣ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರಲ್ಲಿ ಇದೇ ಪ್ರಭೇದ ಸಿಕ್ಕಿತು. ಒಬ್ಬಾಕೆ ಆ ಹೊತ್ತಿನಲ್ಲಿ ವಿದೇಶಕ್ಕೇ ಹೋಗಿರಲಿಲ್ಲ.

ಇದಕ್ಕೆ ಸೆಕೆ, ಬಿಗಿ ಜೀನ್ಸ್, ಹಂಚಿಕೊಂಡ ಟವೆಲ್ ಕಾರಣವೆನ್ನುತ್ತಾರೆ. ಸರಿಯೇ. ಆದರೆ ಚರ್ಮರೋಗ ತಜ್ಞರು ಒಮ್ಮತದಿಂದ ಬೆರಳು ತೋರಿಸುವುದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಮಿಶ್ರ ಮುಲಾಮಿನತ್ತ. ಒಂದೇ ಟ್ಯೂಬಿನಲ್ಲಿ ಶಿಲೀಂಧ್ರನಾಶಕ, ಆಂಟಿಬಯಾಟಿಕ್, ಜೊತೆಗೆ ಕ್ಲೊಬೆಟಾಸಾಲ್‌ನಂಥ ಪ್ರಬಲ ಸ್ಟೀರಾಯ್ಡ್. ಹಚ್ಚಿದ ದಿನವೇ ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ. ಚರ್ಮದ ಪ್ರತಿರೋಧ ಅಡಗಿರುವ ಆ ಹೊತ್ತಿನಲ್ಲಿ ಬೂಷ್ಟು ನಿಶ್ಚಿಂತೆಯಿಂದ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕೆನ್ನುವ ಎಚ್ ಪಟ್ಟಿಗೆ ಸೇರಿಸಿತು. ಯಾವುದೇ ತಾಲ್ಲೂಕು ಪೇಟೆಯ ಔಷಧದಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಆ ನಿಯಮದ ಬಲ ಎಷ್ಟೆಂದು ತಿಳಿಯುತ್ತದೆ. ಹುಳುಕಡ್ಡಿಯ ವಿಷಯದಲ್ಲಿ ಸದ್ಯಕ್ಕೆ ಹೊಸ ಚಿಕಿತ್ಸೆ ಎಂದರೆ, ಕೆರೆದ ಚರ್ಮದ ಪುಡಿಯನ್ನು ಸೂಕ್ಷ್ಮದರ್ಶಕದಡಿ ನೋಡಿ ಖಚಿತಪಡಿಸಿಕೊಳ್ಳುವುದು, ಇಟ್ರಕೊನಜೋಲನ್ನು ಸರಿಯಾದ ಪ್ರಮಾಣದಲ್ಲಿ ಸಾಕಷ್ಟು ವಾರ ಕೊಡುವುದು, ಮನೆಯವರೆಲ್ಲರಿಗೂ ಒಟ್ಟಿಗೆ ಮದ್ದು ಮಾಡುವುದು. ಇದರಲ್ಲಿ ಪೇಟೆಂಟ್ ಪಡೆಯುವಂಥದ್ದು ಏನೂ ಇಲ್ಲ, ಆದ್ದರಿಂದ ಜಾಹೀರಾತೂ ಇಲ್ಲ.

ಕಣ್ಣಿನ ವಿಷಯದಲ್ಲೂ ಹೊಸದು ಹಳೆಯದರ ಮುಂದೆ ಸೋತ ಉದಾಹರಣೆಯಿದೆ. ಭತ್ತ ಕೊಯ್ಯುವಾಗ, ಕಬ್ಬು ಸವರುವಾಗ ಗರಿ ತಾಗಿ ಕರಿಗುಡ್ಡೆಗೆ ಗೀರಾದರೆ ಫ್ಯುಸೇರಿಯಂ, ಆಸ್ಪರ್ಜಿಲಸ್ ಒಳಹೊಕ್ಕು ಹುಣ್ಣು ಮಾಡುತ್ತವೆ. ದಕ್ಷಿಣ ಭಾರತದ ರೈತರ ಕಣ್ಣು ಹೋಗುವ ಮುಖ್ಯ ಕಾರಣಗಳಲ್ಲಿ ಇದೊಂದು. ಹೊಸ ವೊರಿಕೊನಜೋಲ್ ಹನಿಯೇ ಮೇಲೆಂದು ಅನೇಕರು ನಂಬಿದ್ದರು. ಮದುರೆಯ ಅರವಿಂದ ಕಣ್ಣಾಸ್ಪತ್ರೆ ಅಮೆರಿಕದ ಸಂಶೋಧಕರೊಡನೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಳೆಯ ನಟಮೈಸಿನ್ ಹನಿಯೇ ಗೆದ್ದಿತು, ಫ್ಯುಸೇರಿಯಂ ಸೋಂಕಿನಲ್ಲಂತೂ ಸ್ಪಷ್ಟವಾಗಿ.

ಕೊನೆಗೆ ಉಳಿಯುವುದು ಇರುವ ಮದ್ದನ್ನು ಉಳಿಸಿಕೊಳ್ಳುವ ಪ್ರಶ್ನೆ, ಅದು ಆಸ್ಪತ್ರೆಯಲ್ಲಿ ಇತ್ಯರ್ಥವಾಗುವಂಥದ್ದಲ್ಲ. ನೆದರ್‌ಲೆಂಡ್ಸ್‌ನಲ್ಲಿ ಅಜೋಲ್ ಮಾತ್ರೆಯನ್ನೇ ನುಂಗದ ರೋಗಿಗಳ ಶ್ವಾಸಕೋಶದಲ್ಲೂ ಅಜೋಲ್‌ಗೆ ಬಗ್ಗದ ಆಸ್ಪರ್ಜಿಲಸ್ ಸಿಗತೊಡಗಿದಾಗ ಬೆರಳು ಹೊಲದತ್ತ ತಿರುಗಿತು. ಟುಲಿಪ್ ಗಡ್ಡೆಗೆ, ಗೋಧಿಗೆ ಹೊಡೆಯುವ ಅಜೋಲ್‌ಗಳು ರೋಗಿಗೆ ಕೊಡುವ ಅಜೋಲ್‌ಗಳ ಒಡಹುಟ್ಟುಗಳೇ. ಕೊಳೆಯುವ ಸಸ್ಯರಾಶಿಯಲ್ಲಿ ಅವನ್ನುಂಡು ಪಳಗಿದ ಬೀಜಕಗಳು ಗಾಳಿಯಲ್ಲಿ ತೇಲಿ ಎದೆಗೆ ಬರುತ್ತವೆ. ಅಂಥದೇ ತಳಿಯನ್ನು ಅನುರಾಧಾ ಚೌಧರಿ ಅವರ ತಂಡ ಭಾರತದ ಮಣ್ಣಿನಲ್ಲೂ ಕಂಡಿತು. ಯುರೋಪಿನ ಐದು ಸಂಸ್ಥೆಗಳು 2025ರ ಜನವರಿಯಲ್ಲಿ ಕೊಟ್ಟ ಜಂಟಿ ವರದಿಯಂತೆ 2010ರಿಂದ 2021ರವರೆಗೆ ಅಲ್ಲಿ ಚಿಕಿತ್ಸೆಯ ಹೊರಗೆ ಮಾರಾಟವಾದ ಅಜೋಲ್ ಸುಮಾರು 1,20,000 ಟನ್; ಬಹುತೇಕ ಎಲ್ಲವೂ ಕೃಷಿಗೆ. ನಮ್ಮ ಮಲೆನಾಡಿನಲ್ಲಿ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಶಿಫಾರಸಾಗಿರುವ ಪ್ರೊಪಿಕೊನಜೋಲ್ ಕೂಡ ಇದೇ ಬಳಗದ್ದು. ತೋಟ ಒಣಗುತ್ತಿರುವ ಬೆಳೆಗಾರನಿಗೆ ಸಿಂಪಡಿಸಬೇಡ ಎನ್ನುವ ಹಕ್ಕು ನಗರದಲ್ಲಿ ಕೂತು ಬರೆಯುವ ನನಗಿಲ್ಲ.

ಆದರೆ ಇನ್ನೂ ಬಾರದ ಮದ್ದಿನ ವಿಷಯದಲ್ಲೂ ಇದೇ ಮರುಕಳಿಸುತ್ತಿದೆ. ಒಲೊರೊಫಿಮ್ ಹಿಡಿಯುವ ಕಿಣ್ವವನ್ನೇ ಹಿಡಿಯುವ ಇಪ್‌ಫ್ಲುಫೆನೊಕ್ವಿನ್ ಎಂಬ ಬೆಳೆಯ ಮದ್ದಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2022ರಲ್ಲೇ ನೋಂದಣಿ ಕೊಟ್ಟಿತು. ಆಗ ಒಲೊರೊಫಿಮ್‌ಗೆ ಇನ್ನೂ ಒಪ್ಪಿಗೆಯೇ ಸಿಕ್ಕಿರಲಿಲ್ಲ. ಒಂದಕ್ಕೆ ಪಳಗಿದ ಆಸ್ಪರ್ಜಿಲಸ್ ಇನ್ನೊಂದಕ್ಕೂ ಬಗ್ಗುವುದಿಲ್ಲವೆಂದು ಮ್ಯಾಂಚೆಸ್ಟರಿನ ಸಂಶೋಧಕರು ತೋರಿಸಿದ್ದಾರೆ. ಫಾಸ್‌ಮ್ಯಾನೊಜೆಪಿಕ್ಸ್‌ಗೂ ಅಮಿನೊಪಿರಿಫೆನ್ ಎಂಬ ಅಂಥದೇ ಹೊಲದ ಜೋಡಿ ಇದೆ. 2023ರಲ್ಲಿ ಅಮೆರಿಕದ ಆ ಪರಿಸರ ಸಂರಕ್ಷಣಾ ಸಂಸ್ಥೆ, ಬೆಳೆಯ ಮದ್ದನ್ನು ನೋಂದಾಯಿಸುವ ಮೊದಲು ಆರೋಗ್ಯ ಇಲಾಖೆಯೊಡನೆ ಸಮಾಲೋಚಿಸುವ ಕ್ರಮವೊಂದನ್ನು ಮುಂದಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಭಾರತದಲ್ಲಿ ಬೆಳೆಯ ಮದ್ದಿಗೆ ನೋಂದಣಿ ಕೊಡುವುದು 1968ರ ಕೀಟನಾಶಕ ಕಾಯ್ದೆಯಡಿ ಕೃಷಿ ಸಚಿವಾಲಯದ ಸಮಿತಿ. ರೋಗಿಯ ಮದ್ದಿಗೆ ಒಪ್ಪಿಗೆ ಕೊಡುವುದು ಆರೋಗ್ಯ ಸಚಿವಾಲಯದಡಿಯ ಔಷಧ ನಿಯಂತ್ರಕರು. ಇಲ್ಲಿ ಹೊಸ ಶಿಲೀಂಧ್ರನಾಶಕದ ಅರ್ಜಿಯೊಂದು ಮೊದಲ ಮೇಜಿಗೆ ಬಂದಾಗ, ಅದೇ ಗುರಿಯ ಔಷಧವೊಂದು ಆಸ್ಪತ್ರೆಗಳಿಗೆ ಬರಲಿದೆಯೇ ಎಂದು ಎರಡನೆಯ ಮೇಜನ್ನು ಕೇಳುವುದಕ್ಕೆ ಹೊಸ ಅಣುವೇನೂ ಬೇಕಿಲ್ಲ, ಒಂದು ಕಡತ ಸಾಕು.